ಎರಡು ತಟ್ಟು, ಒಂದು ಉಜ್ಜು

ಹೋಲ್ಮ್‌ಫೋರ್ಸ್ ಊರಿನಲ್ಲಿ ಯಾರಾದರೂ ಕಾರನ್ನು ಹಿಂದಕ್ಕೆ ತೆಗೆಯುವಾಗ ಬೇಲಿಗೆ ಗುದ್ದಿದರೆ, ನೋಡಿದವರು "ಟೋರ್ಕೆಲ್ ಮಾಡ್ದ" ಎನ್ನುತ್ತಿದ್ದರು. ಊಟದ ಮೇಜಿನಲ್ಲಿ ಆಲೂಗಡ್ಡೆಯ ಬಟ್ಟಲನ್ನು ತಿರುಗಿ ನೋಡದೆ ದಾಟಿಸಲು ಹೋಗಿ ಬೀಳಿಸಿದರೂ ಅದೇ ಮಾತು. ಟೋರ್ಕೆಲ್ ನೂರ್‌ಲುಂಡ್ ಎಂಬ ಮನುಷ್ಯ ಇನ್ನೂ ಬದುಕಿದ್ದಾನೆ, ಅವನಿಗೂ ಎರಡು ಕಿವಿಗಳಿವೆ ಎಂಬುದು ಆ ಮಹಾನುಭಾವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹನ್ನೊಂದು ವರ್ಷ ಹೀಗೇ ನಡೆಯಿತು.

ಆಗಿದ್ದು ಇಷ್ಟು. ಒಂದು ಹೊಳೆ, ಒಂದು ಕಾಗದದ ಕಾರ್ಖಾನೆ, ಒಂದು ಐಸ್ ಹಾಕಿ ತಂಡ: ಊರಿಗೆ ಇದ್ದ ಆಸ್ತಿ ಇವೇ. ಟೋರ್ಕೆಲ್ ಆ ಹೊಳೆ ಹೆಪ್ಪುಗಟ್ಟಿದಾಗ ಸ್ಕೇಟ್ ಕಟ್ಟಿಕೊಂಡು ಬೆಳೆದವನು. ಮೀಸೆ ಸರಿಯಾಗಿ ಮೂಡುವ ಮೊದಲೇ ಊರ ತಂಡದ ಅಂಗಿ ತೊಟ್ಟ, ಇಪ್ಪತ್ತೈದು ತುಂಬುವಷ್ಟರಲ್ಲಿ ಊರಿನ ಕಣ್ಮಣಿಯಾದ. ಆ ವಸಂತದಲ್ಲಿ ತಂಡ ಮೇಲಿನ ಲೀಗಿನಲ್ಲಿ ಉಳಿಯುತ್ತದೋ ಕೆಳಗೆ ಬೀಳುತ್ತದೋ ಎಂದು ತೀರ್ಮಾನವಾಗುವ ಕೊನೆಯ ಪಂದ್ಯ. ಎದುರಿಗೆ ಸುಂಡ್‌ಬ್ರೂ ತಂಡ. ಗೋಲುಗಳು ಸಮ ಇದ್ದಾಗ ಸುಂಡ್‌ಬ್ರೂನವನೊಬ್ಬ ಕಾಲು ಅಡ್ಡ ಕೊಟ್ಟು ಹೋಲ್ಮ್‌ಫೋರ್ಸ್‌ನ ಒಬ್ಬನನ್ನು ಬೀಳಿಸಿದ, ರೆಫರಿ ಕೈ ಎತ್ತಿದ. ಕೈ ಎತ್ತಿದನೆಂದರೆ, ತಪ್ಪು ಮಾಡಿದ ತಂಡದವರು ಈ ಆಟದಲ್ಲಿ ಚೆಂಡಿನ ಬದಲಿಗಿರುವ ಕರಿ ಬಿಲ್ಲೆಯನ್ನು ಹಿಡಿಯುವ ತನಕ ಆಟ ನಡೆಯುತ್ತದೆ. ಅವರ ಕೋಲಿಗೆ ಬಿಲ್ಲೆ ಸಿಕ್ಕಿದೊಡನೆ ಸೀಟಿ. ಅಂದಮೇಲೆ ಅವರಿಂದ ಗೋಲಿನ ಭಯವೇ ಇಲ್ಲ. ಅದಕ್ಕೇ ಹೋಲ್ಮ್‌ಫೋರ್ಸ್‌ನ ಗೋಲ್‌ಕೀಪರ್ ತನ್ನ ಗೋಲನ್ನು ಖಾಲಿ ಬಿಟ್ಟು ಹೊರಗೋಡಿದ, ಅವನ ಬದಲಿಗೆ ಇನ್ನೊಬ್ಬ ದಾಳಿಗೆ ಇಳಿದ. ಎಲ್ಲ ತಂಡಗಳೂ ಮಾಡುವುದೇ ಇದು. ಖಾಲಿ ಗೋಲಿಗೆ ಬಿಲ್ಲೆ ಬೀಳಬೇಕಾದರೆ ನಮ್ಮವರೇ ಅಲ್ಲಿಗೆ ಕಳಿಸಬೇಕು, ಅಷ್ಟು ಗ್ರಹಚಾರ ಕೆಟ್ಟವರು ಯಾರಿದ್ದಾರೆ?

ಮೂಲೆಯಲ್ಲಿ ಬಿಲ್ಲೆ ಹಿಡಿದಿದ್ದ ಟೋರ್ಕೆಲ್‌ಗೆ ಬೆನ್ನ ಹಿಂದೆ ಐಸಿನ ಮೇಲೆ ಕೋಲು ತಟ್ಟುವ ಸದ್ದು ಕೇಳಿಸಿತು. ಟಕ್, ಟಕ್, ಆಮೇಲೆ ಸರ್ರೆಂದು ಒಂದು ಉಜ್ಜು. ನಾನಿಲ್ಲಿದ್ದೇನೆ, ಇತ್ತ ಕೊಡು ಎಂದು ಜೊತೆಗಾರರು ಹೇಳುವುದು ಕೋಲು ತಟ್ಟಿಯೇ, ತಟ್ಟುವ ಬಗೆ ಮಾತ್ರ ಒಬ್ಬೊಬ್ಬರದು ಒಂದೊಂದು. ಟೋರ್ಕೆಲ್ ನೋಡದೆ ಹಿಂದಕ್ಕೆ ಕೊಟ್ಟ. ಅಲ್ಲಿ ನಿಂತಿದ್ದವನು ಜೊತೆಗಾರನಲ್ಲ, ಸುಂಡ್‌ಬ್ರೂ ತಂಡದ ಫಿನ್‌ಲೆಂಡಿನವ ಯಾರ್ಕೊ. ಆ ಕಿಲಾಡಿ ಬಿಲ್ಲೆಯನ್ನು ಮುಟ್ಟಲಿಲ್ಲ. ಕೋಲು ಮೇಲೆತ್ತಿ, ಕಾಲು ಅಗಲಿಸಿ, ದೊಡ್ಡವರಿಗೆ ದಾರಿ ಬಿಡುವಂತೆ ಬಿಟ್ಟುಕೊಟ್ಟ. ಬಿಲ್ಲೆ ಅಂಗಳದ ಉದ್ದಕ್ಕೂ ಒಂಟಿಯಾಗಿ ಜಾರುತ್ತ ಹೋಯಿತು. ಅದರ ಹಿಂದೆ ಹೋಲ್ಮ್‌ಫೋರ್ಸ್‌ನವರೆಲ್ಲ ಬಿದ್ದೆದ್ದು ಓಡಿದರು. ಯಾರಿಗೂ ಸಿಗದೆ ಅದು ಹೋಗಿ ಖಾಲಿ ಗೋಲಿನೊಳಗೆ ಕೂತಿತು.

ತಂಡ ಕೆಳಗೆ ಬಿತ್ತು, ಟೋರ್ಕೆಲ್ ಊರು ಬಿಟ್ಟ. ಜರ್ಮನಿ, ನಾರ್ವೆ, ಮತ್ತೆ ಜರ್ಮನಿ. ಎಲ್ಲಿ ಆಡಿದರೂ ಗಟ್ಟಿ ಆಟಗಾರನೆಂಬ ಹೆಸರು. ಎಲ್ಲಿ ಮಲಗಿದರೂ ಕಿವಿಯಲ್ಲಿ ಅದೇ ಎರಡು ತಟ್ಟು, ಒಂದು ಉಜ್ಜು. ಮಂಡಿ ಸವೆದು, ಇನ್ನೊಂದೇ ವರ್ಷ ಎಂದು ವೈದ್ಯರು ಹೇಳಿದಾಗ ಊರ ತಂಡದಿಂದ ಕರೆ ಬಂತು. ಅವನು ಎರಡನೇ ಮಾತಾಡದೆ ಒಪ್ಪಿದ. ತಂಡವನ್ನು ಮತ್ತೆ ಮೇಲೆ ಹತ್ತಿಸಿ, ತನ್ನ ಹೆಸರಿಗಂಟಿದ ಆ ಮಾತನ್ನು ಊರವರ ಬಾಯಿಂದ ಕಿತ್ತು ಹೋಗಬೇಕು. ಅವನಿಗೆ ಬೇಕಿದ್ದದ್ದು ಅದೊಂದೇ.

ಮೊದಲ ದಿನ ಬಟ್ಟೆ ಬದಲಿಸುವ ಕೋಣೆಗೆ ಹೋದರೆ ಪಕ್ಕದ ಗೂಟದ ಕೆಳಗೆ ಯಾರ್ಕೊ ಕೂತಿದ್ದ, ಕೋಲಿಗೆ ಟೇಪು ಸುತ್ತುತ್ತ. ಅವನದೂ ಕೊನೆಗಾಲ, ಅವನನ್ನೂ ಅದೇ ಬೇಸಿಗೆಯಲ್ಲಿ ಕರೆಸಿದ್ದರು. ಟೋರ್ಕೆಲ್‌ಗೆ ಮೈಯೆಲ್ಲ ಉರಿದುಹೋಯಿತು. ಕೋಚ್‌ನ ಬಳಿ ಹೋಗಿ ಜಗಳವಾಡಿದ. ರಕ್ಷಣೆಗೆ ಅನುಭವಸ್ಥರು ನೀವಿಬ್ಬರೇ, ಜೋಡಿಯಾಗಿಯೇ ಆಡಬೇಕು ಎಂದು ಕೋಚ್ ಹೇಳಿಬಿಟ್ಟ. ಟೋರ್ಕೆಲ್ ವಾಪಸು ಬಂದು ಯಾರ್ಕೊನ ಮುಂದೆ ನಿಂತ.

"ನಂಗೆ ಯಾವತ್ತೂ ಕೋಲು ತಟ್ಬೇಡ. ಬೇಕಾದ್ರೆ ಹೆಸರು ಹಿಡಿದು ಕೂಗು."

"ಆಯ್ತು," ಎಂದ ಯಾರ್ಕೊ. ಅವನ ಮಟ್ಟಿಗೆ ಅದೇ ಒಂದು ಭಾಷಣ.

ಕೊಟ್ಟ ಮಾತನ್ನು ಅವನು ಉಳಿಸಿಕೊಂಡ. ಚಳಿಗಾಲವಿಡೀ "ಟೋರ್ಕೇ" ಎಂದು ಹೊಳೆಯಾಚೆಗೂ ಕೇಳುವಂತೆ ಕೂಗಿದ, ಒಮ್ಮೆಯೂ ಕೋಲು ತಟ್ಟಲಿಲ್ಲ. ಮಾತುಕತೆಯಿಲ್ಲದ ಆ ಜೋಡಿಯ ಆಟ ಹಾಲು ಸಕ್ಕರೆಯಂತೆ ಬೆರೆಯಿತು. ಎಲ್ಲರ ಗಡ್ಡವೂ ಬೆಳೆಯಿತು, ಏಕೆಂದರೆ ಈ ಆಟದ ರೂಢಿಯಂತೆ ಕೊನೆಯ ಸುತ್ತಿನ ಪಂದ್ಯಗಳು ಮುಗಿಯುವ ತನಕ ಯಾರೂ ಗಡ್ಡ ತೆಗೆಯುವಂತಿಲ್ಲ. ತಂಡ ಗೆಲ್ಲುತ್ತ ಗೆಲ್ಲುತ್ತ ಮೇಲಿನ ಲೀಗಿನ ಬಾಗಿಲಿಗೆ ಬಂದು ನಿಂತಿತು. ಬಾಗಿಲಲ್ಲಿ ನಿಂತಿದ್ದವರು ಯಾರು? ಅದೇ ಸುಂಡ್‌ಬ್ರೂ. ಈ ಸಲ ಕೆಳಗೆ ಬೀಳುವ ಭಯ ಅವರದು.

ಆ ಶನಿವಾರ ಮಧ್ಯಾಹ್ನ ಊರಿಗೆ ಊರೇ ಕ್ರೀಡಾಂಗಣಕ್ಕೆ ನುಗ್ಗಿತು. ಬಾಗಿಲ ಬಳಿಯ ಅಂಗಡಿಯಲ್ಲಿ ಸಾಸೇಜ್, ಕಾಫಿ ಮಾರುವ ಗುನ್‌ಬ್ರಿಟ್ ಟೋರ್ಕೆಲ್‌ನನ್ನು ಹುಟ್ಟಿದಾಗಿನಿಂದ ಬಲ್ಲವಳು, ಆ ಮಾತನ್ನು ಮೊದಲು ಹುಟ್ಟಿಸಿದವಳೂ ಅವಳೇ ಎಂದು ಪ್ರತೀತಿ. ಅವನಿಗೆ ಕಾಫಿ ಕೊಡುತ್ತ ಸ್ವರ ತಗ್ಗಿಸಿದಳು.

"ಇವತ್ತು ನಿಂದು ಕಡೇ ಆಟ ಅಂತೆ. ಏನಾದ್ರೂ ಮಾಡ್ಕೊ, ಹಿಂದಕ್ಕೆ ಮಾತ್ರ ಕೊಡ್ಬೇಡ ಕಣಪ್ಪ. ನನ್ನ ಎದೆ ಮೊದಲಿನಂಗಿಲ್ಲ."

ಸುಂಡ್‌ಬ್ರೂನವರಿಗೆ ಹಳೆಯ ಕಥೆ ಚೆನ್ನಾಗಿ ನೆನಪಿತ್ತು. ಟೋರ್ಕೆಲ್‌ಗೆ ಬಿಲ್ಲೆ ಸಿಕ್ಕಾಗಲೆಲ್ಲ ಅವರಲ್ಲೊಬ್ಬ ಹಿಂದಿನಿಂದ ಟಕಟಕಟಕ ಎಂದು ತಟ್ಟುತ್ತಿದ್ದ, ಅವರ ಕಡೆಯ ಜನ ಹೋ ಎಂದು ನಗುತ್ತಿದ್ದರು. ಮೊದಲ ಅವಧಿಯಲ್ಲೇ ಆ ಸದ್ದಿಗೆ ಟೋರ್ಕೆಲ್ ಒಂದು ಕ್ಷಣ ಮರಗಟ್ಟಿ ನಿಂತ. ಅಷ್ಟರಲ್ಲಿ ಬಿಲ್ಲೆ ಕಸಿದುಕೊಂಡು ಹೋಗಿ ಗೋಲು ಹೊಡೆದೇಬಿಟ್ಟರು. ಬೆಂಚಿಗೆ ಬಂದು ಕೂತವನಿಗೆ ತಲೆ ಎತ್ತಲಾಗಲಿಲ್ಲ. ಯಾರ್ಕೊ ನೀರಿನ ಬಾಟಲಿ ಮುಂದೆ ಹಿಡಿದ.

ಆಮೇಲೆ ಆಟ ಕಾವೇರಿತು. ಹೋಲ್ಮ್‌ಫೋರ್ಸ್ ಒಂದು ಹೊಡೆಯಿತು, ಸುಂಡ್‌ಬ್ರೂ ಇನ್ನೊಂದು, ಮತ್ತೆ ಹೋಲ್ಮ್‌ಫೋರ್ಸ್. ಎರಡು ಎರಡು. ಜನ ಕೂರುವುದನ್ನೇ ಮರೆತರು. ಟೋರ್ಕೆಲ್ ತನ್ನ ಹಾಳು ಮಂಡಿಯನ್ನು ಮಡಿಸಿ ಎದುರಾಳಿಗಳ ಹೊಡೆತಗಳಿಗೆ ಮೈಯೊಡ್ಡಿದ. ಭುಜಕ್ಕೊಂದು, ಪಕ್ಕೆಗೊಂದು ಬಿಲ್ಲೆ ಬಡಿಯಿತು. ನೋವು ಆಗುತ್ತಿತ್ತು, ಆದರೂ ಒಳಗೊಳಗೇ ಖುಷಿ. ಇಂಥ ಆಟ ಆಡಿ ಎಷ್ಟು ಕಾಲವಾಗಿತ್ತು!

ಕೊನೆಯ ನಿಮಿಷ. ಮೂಲೆಯಲ್ಲಿ ಟೋರ್ಕೆಲ್ ಬಿಲ್ಲೆ ಹಿಡಿಯುತ್ತಿದ್ದಂತೆ ಸುಂಡ್‌ಬ್ರೂನವನೊಬ್ಬ ಅವನ ಮುಂಗೈಗೆ ಕೋಲಿನಿಂದ ಬಾರಿಸಿದ. ರೆಫರಿ ಕೈ ಎತ್ತಿದ. ಹೋಲ್ಮ್‌ಫೋರ್ಸ್‌ನ ಗೋಲ್‌ಕೀಪರ್ ಗೋಲು ಬಿಟ್ಟು ಬೆಂಚಿನತ್ತ ಓಡಿದ.

ಅದೇ ಮೂಲೆ, ಅದೇ ಖಾಲಿ ಗೋಲು, ಅದೇ ಟೋರ್ಕೆಲ್. ಇಡೀ ಊರಿಗೆ ಒಟ್ಟಿಗೇ ನೆನಪಾಯಿತು. "ಹಿಂದೆ ಬೇಡ, ಹಿಂದೆ ಬೇಡ" ಎಂದು ಎಲ್ಲ ಕಡೆಯಿಂದಲೂ ಕಿರುಚಿದರು. ಆ ಗದ್ದಲದಲ್ಲಿ ಯಾವ ಹೆಸರು ಕೇಳುತ್ತದೆ? ಇಬ್ಬರು ಧಡಿಯರು ಟೋರ್ಕೆಲ್‌ನ ಮುಖವನ್ನು ಗೋಡೆಯ ಗಾಜಿಗೆ ಒತ್ತಿದ್ದರು. ಕತ್ತು ತಿರುಗಿಸಿದರೆ ಬಿಲ್ಲೆ ಕೈತಪ್ಪುತ್ತದೆ, ಸುಮ್ಮನೆ ಹಿಡಿದಿದ್ದರೂ ಇನ್ನೊಂದು ಗಳಿಗೆಯಲ್ಲಿ ಕಿತ್ತುಕೊಳ್ಳುತ್ತಾರೆ.

ಹಿಂದಿನಿಂದ ಟಕಟಕಟಕ ಎಂದಿತು. ಅದು ಅವರದು, ಗೊತ್ತು. ಅದರ ಆಚೆಗೆ, ಇನ್ನೂ ಸ್ವಲ್ಪ ಎಡಕ್ಕೆ, ಇನ್ನೊಂದು ಸದ್ದು.

ಟಕ್, ಟಕ್. ಸರ್ರ್.

ಟೋರ್ಕೆಲ್‌ನನ್ನು ಊರು ಬಿಡಿಸಿದ ಸದ್ದು, ನಿದ್ದೆ ಕೆಡಿಸಿದ ಸದ್ದು. ಈ ಲೋಕದಲ್ಲಿ ಹಾಗೆ ತಟ್ಟುವ ಕೈ ಒಂದೇ. ಆ ಕೈ ಈಗ ತನ್ನ ಕಡೆಯದು. ಊರೆಲ್ಲ ಬೇಡ ಬೇಡ ಎನ್ನುತ್ತಿರುವಾಗ ಅವನು ನೋಡದೆ, ಕಣ್ಣೂ ಮುಚ್ಚಿಕೊಂಡು, ಇಬ್ಬರ ಕಾಲುಗಳ ನಡುವಿಂದ ಬಿಲ್ಲೆಯನ್ನು ಹಿಂದಕ್ಕೆ ತಳ್ಳಿದ.

ಅಂಗಡಿ ಬಿಟ್ಟು ಓಡಿ ಬಂದಿದ್ದ ಗುನ್‌ಬ್ರಿಟ್ ಮುಖ ಮುಚ್ಚಿಕೊಂಡಳು.

ಬಿಲ್ಲೆ ಬರುವ ದಾರಿಯಲ್ಲಿ ಯಾರ್ಕೊ ಕೋಲು ಹಿಂದಕ್ಕೆ ಎತ್ತಿ ನಿಂತಿದ್ದ. ಈ ಸಲ ಅವನು ದಾರಿ ಬಿಡಲಿಲ್ಲ. ಬಂದದ್ದನ್ನು ಬಂದ ಹಾಗೇ ಬೀಸಿ ಹೊಡೆದ. ಸುಂಡ್‌ಬ್ರೂ ಗೋಲ್‌ಕೀಪರ್ ಕೈ ಎತ್ತುವಷ್ಟರಲ್ಲಿ ಅವನ ಬೆನ್ನ ಹಿಂದೆ ಬಲೆ ಉಬ್ಬಿತ್ತು.

ಛಾವಣಿ ಹಾರಿಹೋಗುವಂತೆ ಜನ ಕೂಗಿದರು. ಉಳಿದ ಕೆಲವು ಸೆಕೆಂಡುಗಳು ಹೇಗೆ ಕಳೆದವೋ, ಕೊನೆಯ ಸೈರನ್ ಯಾವಾಗ ಮೊಳಗಿತೋ ಯಾರಿಗೂ ತಿಳಿಯಲಿಲ್ಲ. ಗುನ್‌ಬ್ರಿಟ್ ಗಾಜನ್ನು ಎರಡೂ ಕೈಯಿಂದ ಬಡಿಯುತ್ತ, ಕಣ್ಣೀರು ಸುರಿಸುತ್ತ, "ಟೋರ್ಕೆಲ್ ಮಾಡ್ದ, ನಮ್ ಟೋರ್ಕೆಲ್ ಮಾಡ್ದ" ಎಂದು ಅರಚುತ್ತಿದ್ದಳು. ಅವಳ ಹಿಂದೆ ಇಡೀ ಊರು ಅದನ್ನೇ ಹಾಡಿತು. ಹೆಸರಿಗಂಟಿದ್ದ ಮಾತನ್ನು ಕಿತ್ತೊಗೆಯಬೇಕೆಂದು ಬಂದವನು ಅದನ್ನು ಕಿವಿ ತುಂಬ ಕೇಳುತ್ತ ಐಸಿನ ಮೇಲೆ ಮಂಡಿಯೂರಿಬಿಟ್ಟ.

ಯಾರ್ಕೊ ಬಂದು ಪಕ್ಕದಲ್ಲಿ ಕುಕ್ಕರಿಸಿದ. ಇಷ್ಟು ದಿನದಲ್ಲಿ ಆಡದಷ್ಟು ಮಾತನ್ನು ಒಟ್ಟಿಗೇ ಆಡಿದ.

"ಕೊಟ್ಟ ಮಾತು ಮುರಿದೆ. ಎಷ್ಟು ಕೂಗಿದ್ರೂ ನಿಂಗೆ ಕೇಳ್ತಿರ್ಲಿಲ್ಲ. ತಟ್ಟಿದ್ದು ನಾನೇ ಅಂತ ಹೆಂಗೆ ಗೊತ್ತಾಯ್ತು?"

"ಹನ್ನೊಂದು ವರ್ಷದಿಂದ ದಿನಾ ರಾತ್ರಿ ಕೇಳ್ತಾ ಇದೀನಿ ಕಣೋ," ಎಂದ ಟೋರ್ಕೆಲ್. "ನಮ್ಮಮ್ಮನ ದನಿ ಮರೆತ್ರೂ ಮರೆತೇನು, ನೀನು ತಟ್ಟೋದನ್ನ ಮರೀತೀನಾ?"

ಯಾರ್ಕೊ ಹೆಲ್ಮೆಟ್ ತೆಗೆದ. ನರೆತ ಗಡ್ಡದೊಳಗಿಂದ ನಗಲು ಹೋಗಿ ಅತ್ತುಬಿಟ್ಟ. ಟೋರ್ಕೆಲ್ ಕೆಳಗೆ ಬಿದ್ದಿದ್ದ ಕೋಲನ್ನು ಎತ್ತಿಕೊಂಡು, ಅವನ ಮುಂದೆ ಐಸಿನ ಮೇಲೆ ಎರಡು ಸಲ ತಟ್ಟಿ, ಒಮ್ಮೆ ಉಜ್ಜಿದ.