ಇನ್ನು ನಾಲ್ಕು ಬೆರಳು

"ಅಮ್ಮಾ, ಗಾಡಿ ಬಂದಾಯ್ತು. ಏಳಮ್ಮ ಸಾಕು."

ಮುದುಕಿ ಏಳಲಿಲ್ಲ. ಲಾಳಿ ಈ ಕಡೆಯಿಂದ ಆ ಕಡೆಗೆ ತೂರಿತು. ಪಕ್ಕದ ಕೋಣೆಯಲ್ಲಿ ಗಂಡನ ಹೆಣ, ಹೆಂಡತಿ ಮಗ್ಗದ ಮುಂದೆ! ಬಂದವರು ಏನಂದುಕೊಂಡಾರು? ಅಂದುಕೊಳ್ಳಲಿ. ನಲವತ್ತು ವರ್ಷ ಅವನು ಹಳೆ ಬಟ್ಟೆ ಕತ್ತರಿಸಿ ಪಟ್ಟಿ ಮಾಡಿದ, ಇವಳು ನೇಯ್ದಳು. ಬೀದಿಯ ಮನೆಮನೆಯಲ್ಲೂ ಇವರ ಜಮಖಾನ. ಇವರ ಮನೆಯಲ್ಲಿ ಮಾತ್ರ ಬರಿ ನೆಲ. "ಇದೊಂದು ನಮಗೇ ಕಣೇ, ಯಾರು ಕೇಳಿದ್ರೂ ಕೊಡಲ್ಲ," ಎಂದು ಹೋದ ತಿಂಗಳು ಅವನೇ ಪಟ್ಟಿ ಕತ್ತರಿಸಿಟ್ಟಿದ್ದ. ಅದರ ಮೇಲೆ ಮಲಗಿಸದೆ ಅವನನ್ನು ಕಳಿಸುವುದಿಲ್ಲವೆಂದು ಇವಳ ಹಟ.

"ಇನ್ನು ನಾಲ್ಕು ಬೆರಳು ಅಷ್ಟೇ," ಎಂದು ಬುಟ್ಟಿಗೆ ಕೈ ಹಾಕಿದಳು. ಬುಟ್ಟಿ ಖಾಲಿ.

ಮಗಳು ಕಪಾಟು ಜಾಲಾಡಿದಳು. ಆ ಮನೆಯಲ್ಲಿ ಹಳೆ ಬಟ್ಟೆ ಉಳಿದೀತೇ? ಕೊನೆಗೆ ತನ್ನ ಕುತ್ತಿಗೆಯ ಸ್ಕಾರ್ಫನ್ನೇ ಬಿಚ್ಚಿ ಕೊಟ್ಟಳು.

"ನೈಲಾನು. ಜಾರುತ್ತೆ. ನಿಮ್ಮಪ್ಪ ಮುಟ್ತಾನೇ ಇರ್ಲಿಲ್ಲ." ಮುದುಕಿಯ ಕಣ್ಣು ತುಂಬಿತು.

ಬಾಗಿಲಲ್ಲಿ ಸತ್ತವನ ತಮ್ಮ ನಿಂತಿದ್ದ. ಕೋಟಿನೊಳಗೆ ಹೊಸ ಬಿಳಿ ಹತ್ತಿ ಅಂಗಿ, ಇವತ್ತಿಗೆಂದೇ ಕೊಂಡದ್ದು.

* * *

ಮೂವತ್ತು ವರ್ಷದ ಹಿಂದೆ ಅವನ ಮದುವೆ. ಹೊಸ ಪ್ಯಾಂಟನ್ನು ಕುರ್ಚಿಯ ಬೆನ್ನಿಗೆ ಹಾಕಿ ಸ್ನಾನಕ್ಕೆ ಹೋಗಿದ್ದ. ಆ ಮನೆಯಲ್ಲಿ ಕುರ್ಚಿಯ ಮೇಲೆ ಹಾಕಿದ್ದೆಲ್ಲ ಕತ್ತರಿಗೆ ಎಂದೇ ಲೆಕ್ಕ. ಅಣ್ಣ ಅಂಚಿನ ತನಕ ಕತ್ತರಿಸಿ, ಒಂದು ಬೆರಳು ಬಿಟ್ಟು, ತಿರುಗಿಸಿ ಮತ್ತೆ ಕತ್ತರಿಸುತ್ತಾ ಹೋಗಿ ಇಡೀ ಪ್ಯಾಂಟನ್ನು ಒಂದೇ ಉದ್ದನೆಯ ಪಟ್ಟಿ ಮಾಡಿ ಉಂಡೆ ಸುತ್ತಿಟ್ಟಿದ್ದ.

"ಎಂಥಾ ಬಟ್ಟೆನೋ! ಒಂದು ಕಡೆನೂ ತುಂಡಾಗ್ಲಿಲ್ಲ ನೋಡು!"

ಮದುಮಗ ಅಣ್ಣನ ಮೋಟು ಪ್ಯಾಂಟಿನಲ್ಲೇ ಮದುವೆಯಾದ. ನೆಂಟರೆಲ್ಲ ಬಿದ್ದು ಬಿದ್ದು ನಕ್ಕರು, ಅವನೊಬ್ಬನನ್ನು ಬಿಟ್ಟು. ಅಂದಿನಿಂದ ಅಣ್ಣನ ಬುಟ್ಟಿಗೆ ಒಂದು ಕರ್ಚೀಫನ್ನೂ ಕೊಟ್ಟವನಲ್ಲ. ಅಣ್ಣ ಕೇಳುತ್ತಲೇ ಇದ್ದ, ಇವನು ಇಲ್ಲವೆನ್ನುತ್ತಲೇ ಇದ್ದ.

* * *

ಈಗ ಅವನು ಕೋಟು ಬಿಚ್ಚಿದ, ಅಂಗಿಯನ್ನೂ ಬಿಚ್ಚಿದ.

"ಅಯ್ಯೋ ಚಿಕ್ಕಪ್ಪಾ, ಹೊಸದು!" ಎಂದಳು ಮಗಳು.

"ಹಳೇದು ಹೊಸದು ಅಂತ ಅವನು ಯಾವತ್ತು ನೋಡಿದ್ದ? ಕತ್ತರಿಸಿ, ಅತ್ತಿಗೆ. ಬದುಕಿದ್ದಾಗ ಕೊಡಬೇಕಿತ್ತು. ಹಾಳು ಜಂಬ, ಕೊಡ್ಲಿಲ್ಲ."

ಅತ್ತಿಗೆ ಅವನ ಮುಖ ನೋಡಿದಳು, ಕತ್ತರಿ ತೆಗೆದುಕೊಂಡಳು. ಗಾಡಿಯವನು ಅರ್ಧ ಗಂಟೆ ಕಾದ.

ಶವಪೆಟ್ಟಿಗೆಯಲ್ಲಿ ಜಮಖಾನ ಹಾಸಿ ಮಲಗಿಸಿ, ಗಾಡಿಗೆ ಎತ್ತುವಾಗ ತಮ್ಮನೇ ಮುಂದಿನ ಹೆಗಲು ಕೊಟ್ಟ. ಬಿಸಿಲು ಚುರುಗುಟ್ಟುತ್ತಿತ್ತು.

"ಕೋಟಾದ್ರೂ ಬಿಚ್ಚಿ ಸ್ವಾಮಿ, ಬೆವರು ಸುರೀತಿದೆ," ಎಂದ ಜೊತೆಯವನು.

"ಬಿಚ್ಚೋ ಹಾಗಿಲ್ಲಪ್ಪ," ಎಂದವನು ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದು, ಇನ್ನೊಂದು ಕೈಯಿಂದ ಬರಿ ಎದೆಯ ಮೇಲಿನ ಕೊನೆಯ ಗುಂಡಿಯನ್ನೂ ಹಾಕಿಕೊಂಡು, ನಗುತ್ತಾ ಅಳುತ್ತಾ ನಡೆದ.