ಸಹಿಯ ಬಾಲ

ಹದಿನೇಳನೆಯ ಸಹಿಯ ಬಾಲವೂ ಬಲಕ್ಕೇ ತಿರುಗಿತು. ಅಕ್ಷರಗಾರ ಅದನ್ನು ಗಮನಿಸಿದ. ಹೀರುಕಾಗದವನ್ನು ಶಾಯಿಯ ಮೇಲೆ ಒತ್ತಿ, ಎತ್ತಿ, ಪುಸ್ತಕವನ್ನು ಪ್ಲಾಸ್ಟಿಕ್ ಲಕೋಟೆಯೊಳಗೆ ಸರಿಸಿದ. ಆ ಕೆಲಸಕ್ಕಾಗಿಯೇ ಅವನನ್ನು ಮೇಜಿನ ತುದಿಯಲ್ಲಿ ಕೂರಿಸಿದ್ದರು. ನಡುವೆ, ಬೆನ್ನಿಗೆ ದಿಂಬು ಕೊಟ್ಟುಕೊಂಡು, ಸಹಿ ಹಾಕುತ್ತಿದ್ದವನು ಅವನ ಹೆಂಡತಿಯ ತಮ್ಮ, ಕಲಾವಿದ. ದಿಂಬು ಅಕ್ಷರಗಾರನ ಮನೆಯದು. ಬೆಳಿಗ್ಗೆ ಹೆಂಡತಿ ಮರೆಯದೆ ತಂದಿದ್ದಳು.

ಕಾಮಿಕ್ಸ್ ಅಭಿಮಾನಿಗಳ ಸಮಾವೇಶ ನಡೆಯುತ್ತಿದ್ದ ಆ ಸಭಾಂಗಣದಲ್ಲಿ ಮೂವತ್ತು ಮೇಜುಗಳಿದ್ದವು. ಹಲವು ಕಲಾವಿದರು ಮೊಬೈಲ್ ನೋಡುತ್ತ ಹೊತ್ತು ಕಳೆಯುತ್ತಿದ್ದರೆ, ಭಾಮೈದನ ಮುಂದಿನ ಸಾಲು ಬಾಗಿಲು ದಾಟಿ, ಮೆಟ್ಟಿಲಿಳಿದು, ಹೊರಗಿನ ಗೋಡೆಯುದ್ದಕ್ಕೂ ಹಬ್ಬಿತ್ತು. ಫಲಕದಲ್ಲಿ ದರ ನಮೂದಾಗಿತ್ತು: ಸಹಿಗೆ ಇನ್ನೂರು, ಒಕ್ಕಣ್ಣ ಪತ್ತೇದಾರನ ಮುಖಕ್ಕೆ ಸಾವಿರ, ಪೂರ್ತಿ ಚಿತ್ರಕ್ಕೆ ಎರಡೂವರೆ ಸಾವಿರ. ಫಲಕವನ್ನು ಬರೆದವನು ಅಕ್ಷರಗಾರ. ಇಪ್ಪತ್ಮೂರು ವರ್ಷಗಳಿಂದ ಭಾಮೈದನ ಕಾಮಿಕ್ಸ್‌ನ ನಾಯಕನಾದ ಆ ಪತ್ತೇದಾರ ಆಡಿದ ಪ್ರತಿಯೊಂದು ಮಾತನ್ನೂ ಚಿತ್ರದ ಗುಳ್ಳೆಯೊಳಗೆ ಬರೆದವನೂ ಅವನೇ. ಅವನ ಸಹಿಗೆ ಫಲಕದಲ್ಲಿ ದರವಿರಲಿಲ್ಲ. ಅದನ್ನು ಈವರೆಗೆ ಯಾರೂ ಕೇಳಿರಲಿಲ್ಲ.

"ಯಾಕ್ ಭಾವ, ಮೋರೆ ಜೋಲು ಹಾಕ್ಕೊಂಡಿದ್ದೀರಿ?" ಎಂದ ಭಾಮೈದ, ತಲೆ ಎತ್ತದೆ.

"ಬಾಲ ನೋಡ್ಕೋ."

"ಯಾವ ಬಾಲ? ನನಗಿರೋದು ಒಂದೇ ಬಾಲ, ನೀವು!"

ಸಾಲಿನ ಮುಂದಿದ್ದವರು ನಕ್ಕರು. ಟೋಕನ್ ಹಂಚುತ್ತಿದ್ದ ಹೆಂಡತಿಯೂ ನಕ್ಕು, "ಸುಮ್ನಿರ್ರೀ, ಅವನ ಕೈ ಸೋತಿದೆ. ನಿಮಗೇನು, ಒತ್ತೋದು ತಾನೆ?" ಎಂದಳು.

ಇಪ್ಪತ್ಮೂರು ವರ್ಷಗಳ ಹಿಂದೆ, ಮೊದಲ ಸಂಚಿಕೆಯ ದಿನ, ಮುದ್ರಣಾಲಯದ ಗಾಡಿ ಬಾಗಿಲಲ್ಲಿ ನಿಂತಿತ್ತು. ಮುಖಪುಟದ ಚಿತ್ರವನ್ನು ಕೊಟ್ಟ ಭಾಮೈದ, ಸಹಿ ಹಾಕಲು ಮರೆತು, ಊರಿನ ಬಸ್ಸು ಹತ್ತಿಬಿಟ್ಟಿದ್ದ. ಸಂಪಾದಕರು ಕೂಗಾಡುತ್ತಿದ್ದರು. ಅಕ್ಷರಗಾರ ಸಣ್ಣ ಕುಂಚವನ್ನು ತೆಗೆದುಕೊಂಡು ಮೂಲೆಯಲ್ಲಿ ಭಾಮೈದನ ಹೆಸರನ್ನು ಬರೆದ. ಬಲಗಡೆ ಬೆಲೆಯ ಚೌಕವಿದ್ದುದರಿಂದ ಕೊನೆಯ ಅಕ್ಷರದ ಬಾಲಕ್ಕೆ ಜಾಗವಿರಲಿಲ್ಲ. ಅದನ್ನು ಎಡಕ್ಕೆ ತಿರುಗಿಸಿ ಇಡೀ ಹೆಸರಿನ ಅಡಿಯಲ್ಲಿ ಹಿಂದಕ್ಕೆಳೆದ. ಆಗ ಕುಂಚದಿಂದ ಒಂದು ಹನಿ ಬಿತ್ತು. ಅದು ತಪ್ಪೆಂದು ಕಾಣದಿರಲೆಂದು ಪಕ್ಕದಲ್ಲಿ ಇನ್ನೊಂದು ಚುಕ್ಕೆ ಇಟ್ಟ. ತಿಂಗಳೊಳಗೆ ಓದುಗರು ಪತ್ರಗಳ ಅಂಚಿನಲ್ಲಿ ಆ ಸಹಿಯನ್ನು ಅನುಕರಿಸಿ ಬರೆದು ಕಳುಹಿಸತೊಡಗಿದರು. ಭಾಮೈದ ಒಂದು ವಾರ ಅಕ್ಷರಗಾರನ ಮೇಜಿನ ಬಳಿಯೇ ಕೂತು ತನ್ನ ಸಹಿಯನ್ನು ಕಲಿತ. ಕೆಲವು ವರ್ಷ ಅದು ಅವರಿಬ್ಬರ ನಡುವಿನ ತಮಾಷೆಯಾಗಿತ್ತು. ಆಮೇಲೆ ಭಾಮೈದ ಆ ಮಾತನ್ನು ಎತ್ತಲಿಲ್ಲ. ಅಕ್ಷರಗಾರ ಮರೆಯಲಿಲ್ಲ.

ಮಧ್ಯಾಹ್ನದ ಮೇಲೆ ಒಬ್ಬ ಹೆಂಗಸು ಬಂದಳು. ಮೂವತ್ತೈದರ ಆಸುಪಾಸು, ಕೊರಳಿನಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಮೊದಲ ಸಂಚಿಕೆಯನ್ನು ಮೇಜಿನ ಮೇಲೆ ಬಿಚ್ಚಿದಳು.

"ಸ್ಕೂಲಲ್ಲಿ ಪಾಠ ಬರ್ಕೊಳ್ದೆ ಈ ಸಹಿ ತಿದ್ತಾ ಕೂರ್ತಿದ್ದೆ ಸರ್. ಏಟೂ ತಿಂದಿದ್ದೀನಿ."

ಭಾಮೈದ ನಕ್ಕು ಒಳಪುಟದಲ್ಲಿ ಸಹಿ ಹಾಕಿದ. ಆಕೆ ಕನ್ನಡಕ ಏರಿಸಿ ಒಳಪುಟವನ್ನೂ ಮುಖಪುಟವನ್ನೂ ಎರಡೆರಡು ಸಲ ಹೋಲಿಸಿ ನೋಡಿದಳು.

"ತಪ್ಪು ತಿಳ್ಕೋಬೇಡಿ ಸರ್. ಬಾಲ ಈ ಕಡೆ ಬರ್ಬೇಕಲ್ವಾ? ಚುಕ್ಕೆನೂ ಒಂದೇ ಇದೆ."

"ವಯಸ್ಸಾಯ್ತು ಮೇಡಂ. ಬಾಲಾನೂ ಮಾತು ಕೇಳಲ್ಲ."

ಆಕೆ ನಗಲಿಲ್ಲ. "ಇನ್ನೊಂದ್ಸಲ ಹಾಕಿ."

ಅದೇ ಪುಟದಲ್ಲಿ, ಕೆಳಗೆ, ಭಾಮೈದ ಮತ್ತೆ ಹಾಕಿದ. ಬಾಲ ಎಡಕ್ಕೆ ಹೊರಟು, ನಡುವೆ ಅನುಮಾನಿಸಿ ನಿಂತುಬಿಟ್ಟಿತು.

ಅಕ್ಷರಗಾರ ಒಂದು ಟೋಕನ್ ಚೀಟಿಯನ್ನು ತಿರುವಿ ಹಾಕಿ, ಜೇಬಿನಿಂದ ತನ್ನ ಪೆನ್ನು ತೆಗೆದು, ಒಂದೇ ಉಸಿರಿನಲ್ಲಿ ಬರೆದ. ಹೆಸರು, ಬಾಲ, ಎರಡು ಚುಕ್ಕೆ. ಚೀಟಿಯನ್ನು ಆಕೆಯ ಕಡೆಗೆ ತಳ್ಳಿದ.

"ಅಯ್ಯೋ! ಎಷ್ಟು ಚೆನ್ನಾಗಿ ಕಾಪಿ ಹೊಡೀತೀರಿ ನೀವು!" ಎಂದಳಾಕೆ. "ಸರ್, ಇವ್ರ ಕೈಗೆ ಚೆಕ್‌ಬುಕ್ ಮಾತ್ರ ಕೊಡ್ಬೇಡಿ."

ಸಾಲು ಗೊಳ್ಳೆಂದಿತು. ಹೆಂಡತಿ ಟೋಕನ್ ಕಟ್ಟನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಭಾಮೈದ ಮಾತ್ರ ಚೀಟಿಯನ್ನೇ ನೋಡುತ್ತಿದ್ದ.

"ಕಾಪಿ ಹೊಡೆದಿದ್ದು ಅವರಲ್ಲ ಮೇಡಂ, ನಾನು," ಎಂದ ಮೆಲ್ಲಗೆ. "ಮೊದಲು ಬರೆದೋರು ನಮ್ಮ ಭಾವ."

ಇಪ್ಪತ್ಮೂರು ವರ್ಷ ಅಕ್ಷರಗಾರ ಕಾದಿದ್ದ ವಾಕ್ಯ ಅದು. ಅದನ್ನು ಕೇಳಿ ಜನ ತಲೆ ತಿರುಗಿಸುವುದನ್ನು ಅವನು ಎಷ್ಟೋ ಸಲ ಊಹಿಸಿಕೊಂಡಿದ್ದ. ತಲೆಗಳು ತಿರುಗಿದವು, ಭಾಮೈದನ ಕಡೆಗೆ.

"ನೋಡಿ, ಎಂಥ ಮನಸ್ಸು!" ಎಂದಳು ಹೆಂಗಸು ಹಿಂದಿನವರಿಗೆ. "ಭಾವ ಎಲ್ಲರೆದುರು ಸಣ್ಣಗಾಗ್ಬಾರ್ದು ಅಂತ ಹೇಗೆ ಮಾತು ತೇಲಿಸಿಬಿಟ್ರು! ಇಷ್ಟು ಹೆಸರು ಮಾಡಿದ್ರೂ ಒಂಚೂರು ಜಂಬ ಇಲ್ಲ."

ಯಾರೋ ಚಪ್ಪಾಳೆ ತಟ್ಟಿದರು. ಹೆಂಡತಿ ತಮ್ಮನ ಕಡೆ ನೋಡಿದಳು. ಅವಳ ಕಣ್ಣು ತುಂಬಿತ್ತು.

"ಇಲ್ಲ ಮೇಡಂ, ನಿಜವಾಗ್ಲೂ..." ಎಂದು ಭಾಮೈದ ಶುರುಮಾಡಿದ. ಆಕೆ ಪುಸ್ತಕದ ಇನ್ನೊಂದು ಪುಟ ತೆರೆದು ಮುಂದಿಟ್ಟಳು. ಅವನು ವಾಕ್ಯವನ್ನು ಮುಗಿಸಲಿಲ್ಲ. ಚೀಟಿಯನ್ನು ಎದುರಿಗೆಳೆದುಕೊಂಡು, ಅದನ್ನು ನೋಡುತ್ತ, ನಿಧಾನವಾಗಿ ಸಹಿ ಹಾಕಿದ. ಬಾಲ ಎಡಕ್ಕೆ ಬಂತು. "ಹಾಂ, ಈಗ ಅಸಲಿ!" ಎಂದು ಆಕೆ ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟಳು.

ಭಾಮೈದ ಚೀಟಿಯನ್ನು ನೀರಿನ ಬಾಟಲಿಗೆ ಒರಗಿಸಿ ನಿಲ್ಲಿಸಿದ. ಮುಂದಿನ ಮೂರು ಸಹಿಗಳು ಸರಿಯಾಗಿಯೇ ಬಂದವು. ಎರಡನೆಯ ಚುಕ್ಕೆ ಒಂದು ಎಳ್ಳಿನಷ್ಟು ದೂರ ಬಿದ್ದಿತ್ತು, ಅಷ್ಟೆ. ಅಕ್ಷರಗಾರ ಮೂರನ್ನೂ ಒತ್ತಿ ಒಣಗಿಸಿದ.

ನಾಲ್ಕನೆಯ ಪುಸ್ತಕ ತೆರೆದುಕೊಂಡಾಗ ಅಕ್ಷರಗಾರ ಕೈ ಚಾಚಿ, ಚೀಟಿಯನ್ನು ಎತ್ತಿ, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

ಭಾಮೈದ ಅವನ ಕಡೆ ತಿರುಗಲಿಲ್ಲ. ಪೆನ್ನು ಕೊನೆಯ ಅಕ್ಷರದವರೆಗೆ ಸಾಗಿ, ಕಾಗದದಿಂದ ಒಂದು ಬೆರಳು ಮೇಲೆ ನಿಂತಿತು. ಸಾಲಿನಲ್ಲಿದ್ದವರು ಮೊಬೈಲ್ ಎತ್ತಿ ಹಿಡಿದಿದ್ದರು. ಅಕ್ಷರಗಾರ ಹೀರುಕಾಗದವನ್ನು ಎರಡು ಕೈಗಳಲ್ಲೂ ಹಿಡಿದು ಸಿದ್ಧನಾಗಿ ಕೂತ.