ಕಡಲಿಗೆ ತಂದ ಬಾಗಿನ

"ಗೇಟ್ ಎತ್ಯಾರ. ಇಲ್ಲಂದ್ರ ಇಷ್ಟು ನೀರು ಎಲ್ಲಿಗಿ ಹೋಕ್ಕತಿ?" ಎಂದ ಜಂಬುನಾಥ್, ಕೆಳಗಿನ ಕೆಸರು ನೋಡುತ್ತ.

ಟಿ.ಬಿ. ಡ್ಯಾಂನಲ್ಲಿ ಗೇಟು ನೋಡಿಕೊಂಡೇ ನಿವೃತ್ತನಾದವನಿಗೆ, ಇಳಿದ ನೀರೆಂದರೆ ಯಾರೋ ಬಿಟ್ಟ ನೀರು.

"ಕಡಲಿಗೆ ಎಲ್ಲಿ ಗೇಟ್ರೀ, ಸುಮ್ನಿರ್ರಿ," ಎಂದಳು ಹೆಂಡತಿ ದುರ್ಗಕ್ಕ. ಅವಳ ಗಮನವೆಲ್ಲ ಕಂಕುಳಲ್ಲಿದ್ದ ಬಾಗಿನದ ಮೊರದ ಮೇಲಿತ್ತು. ಮಗಳು ಸೌಜನ್ಯಳ ಹೆರಿಗೆ ಕಷ್ಟವಾದಾಗ, ಆಸ್ಪತ್ರೆಯ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಕಡಲಿಗೆ ಕೈಮುಗಿದು ಬಾಗಿನ ಹರಸಿಕೊಂಡಿದ್ದಳು. ಕೂಸು, ಬಾಣಂತಿ ಇಬ್ಬರೂ ಗಟ್ಟಿಯಾಗಿದ್ದರು. ಹರಕೆ ತೀರಿಸಲೆಂದೇ ಹೊಸಪೇಟೆಯಿಂದ ಕಡಲಂಚಿನ ಈ ಅಭಯಾರಣ್ಯಕ್ಕೆ ಬಂದರೆ, ಹಲಗೆ ಸೇತುವೆಯ ಕೆಳಗೆ ಬರೀ ಕೆಸರು. ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ನಡುವೆ ಕೆಂಪು ಏಡಿಗಳು, ಆಚೆ ಬೆಳ್ಳಕ್ಕಿಗಳು.

"ಇದು ಇಳಿತ. ಇನ್ನೇನು ನೀರು ಏರ್ತದೆ," ಎಂದಳು ಖಾಕಿ ತೊಟ್ಟ ಗಾರ್ಡ್ ಹುಡುಗಿ. ಆಮೇಲೆ ಮೊರ ನೋಡಿದಳು. "ಆದ್ರೆ ಇದನ್ನ ನೀರಿಗೆ ಬಿಡ್ಲಿಕ್ಕಿಲ್ಲ ಅಮ್ಮಾ. ನೀರುನಾಯಿ ಮರಿ ಹಾಕಿದೆ. ಬಳೆ ಒಡೆದ್ರೆ ಚೂರು ಮರಿಗಳಿಗೆ ತಾಗ್ತದೆ."

ದುರ್ಗಕ್ಕನ ಮುಖ ಇಳಿಯಿತು. "ಹರಕಿ ಹಂಗ ಉಳದ್ರ ಕೂಸಿಗಿ ಏನಾರ ಆದ್ರ?"

"ನಮ್ಮ ಡ್ಯಾಂಗೇ ಬಿಡೂಣು ಬಾ. ಮಂತ್ರಿಗಳ ಬಾಗಿನದ ಹಿಂದ ನಿಂದೂ ಒಂದು ತೇಲ್ಲಿ."

"ನಗಬ್ಯಾಡ್ರಿ. ಹರಸಿಕೊಂಡಿದ್ದು ಕಡಲಿಗೆ."

ಅವಳು ಮೊರವನ್ನು ಕೆಳಗಿಡಲಾರದೆ, ಹಿಡಿಯಲಾರದೆ ನಿಂತಳು. ಹುಡುಗಿಯ ಪ್ಯಾಂಟು ಮೊಳಕಾಲಿನವರೆಗೂ ಒದ್ದೆಯಾಗಿ, ಒಣಗಿದ ಕಡೆ ಉಪ್ಪು ಬೆಳ್ಳಗೆ ಕಂಡಿತು.

"ನಿಮ್ಮ ಮನಿ ಎಲ್ಲೈತವ್ವಾ?" ಎಂದು ಕೇಳಿದಳು ದುರ್ಗಕ್ಕ.

"ಅಲ್ಲಿ, ನೀರಿನಾಚೆ. ದೋಣಿಯಲ್ಲೇ ಬರೂದು."

"ಮದುವಿ ಆಗೇತೇನು?"

"ಹೋದ ವರ್ಷ." ಹುಡುಗಿ ನಾಚಿದಳು.

ದುರ್ಗಕ್ಕ ಅವಳ ಪ್ಯಾಂಟಿನ ಮೇಲಿನ ಕಡಲುಪ್ಪನ್ನು ಮತ್ತೊಮ್ಮೆ ನೋಡಿದಳು. ನಂತರ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅದರ ತುದಿಯಿಂದ ಮೊರ ಮುಚ್ಚಿ ಮುಂದೆ ಚಾಚಿದಳು. "ಹಿಡೀವ್ವಾ. ಮುತ್ತೈದಿ ಬಾಗಿನ ಬ್ಯಾಡ ಅನ್ನಬಾರದು."

"ಡ್ಯೂಟಿಯಲ್ಲಿದ್ದೇನೆ ಅಮ್ಮಾ."

"ಕಡಲೂ ಡ್ಯೂಟಿ ಮ್ಯಾಲೇ ಐತಿ, ತಗೋ," ಎಂದ ಜಂಬುನಾಥ್.

ಹುಡುಗಿ ನಕ್ಕು, ಟೋಪಿ ತೆಗೆದು, ಎರಡೂ ಕೈಯಲ್ಲಿ ಮೊರ ತೆಗೆದುಕೊಂಡಳು. ದುರ್ಗಕ್ಕ ಅವಳ ಹಣೆಗೆ ಕುಂಕುಮವಿಟ್ಟಳು. ಹಸಿರು ಬಳೆಗಳನ್ನು ತಾನೇ ಒಂದೊಂದಾಗಿ ತೊಡಿಸಿದಳು.

ನೀರುನಾಯಿ ತೋರಿಸುತ್ತೇನೆಂದು ಹುಡುಗಿ ಮುಂದೆ ನಡೆದಳು. ಖಾಕಿ ತೋಳಿನ ಕೆಳಗೆ ಬಳೆಗಳು ಸದ್ದು ಮಾಡಿದಾಗಲೆಲ್ಲ ಏಡಿಗಳು ಬಿಲ ಸೇರುತ್ತಿದ್ದವು. ಹಿಂದೆ ಉಳಿದ ಜಂಬುನಾಥ್ ಸೇತುವೆಯ ಕಟಾಂಜನದ ಮೇಲಿಂದ ಬಗ್ಗಿ ನೋಡಿದ. ಬೇರುಗಳ ನಡುವೆ, ಸದ್ದೇ ಇಲ್ಲದೆ, ನೀರು ಬರುತ್ತಿತ್ತು.